ಹಿತ್ತಿಲ ಹೊಗೆಸೊಪ್ಪು ಮತ್ತು ಶ್ರಾವಕಧರ್ಮ

ಹಿತ್ತಿಲಲ್ಲಿ ನಾಲ್ಕು ತಂಬಾಕಿನ ಗಿಡ ನೆಟ್ಟು, ಎಲೆಯನ್ನು ಬಿಸಿಲಿಗೆ ಒಣಗಿಸಿ ಹದಮಾಡಿಕೊಂಡರೆ ಶ್ರಾವಕನ ವ್ರತಕ್ಕೆ ಭಂಗವೇನು? ಸಪ್ತವ್ಯಸನಗಳಲ್ಲಿ ತಂಬಾಕಿನ ಹೆಸರಿಲ್ಲವೆಂದು ವಾದಿಸುವವರುಂಟು. ಅಮೆರಿಕ ಖಂಡದ ಈ ಸಸ್ಯವು ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದದ್ದು ಆ ಗಣನೆಯಾದ ಎಷ್ಟೋ ಶತಮಾನಗಳ ನಂತರ. ಹೆಸರಿಲ್ಲದಿರುವುದು ಅನುಮತಿಯಲ್ಲ.

ಗೃಹಸ್ಥನಿಗೆ ಕೃಷಿ ನಿಷಿದ್ಧವಲ್ಲ. ಭಗವಾನ್ ಆದಿನಾಥರು ಬೋಧಿಸಿದ ಷಟ್ಕರ್ಮಗಳಲ್ಲಿ ಅದೂ ಒಂದು. ಜೀವನೋಪಾಯದಲ್ಲಿ ಆಗುವ ಉದ್ಯೋಗೀ ಹಿಂಸೆಯನ್ನು ಅವನು ಪೂರ್ತಿ ಬಿಡಲಾರನು. ನಿಪ್ಪಾಣಿಯ ಸೀಮೆಯಲ್ಲಿ ಬೀಡಿ ತಂಬಾಕು ಎಷ್ಟೋ ಮನೆಗಳ ಅನ್ನವಾಗಿದೆ. ಯೋಗ್ಯ ಬೆಲೆಗಾಗಿ 1981ರಲ್ಲಿ ಹೋರಾಡಿದ ರೈತರು ಅಲ್ಲಿ ಗುಂಡಿಗೆ ಬಲಿಯಾದರು. ಅಂಥವರನ್ನು ನಿಂದಿಸುವುದು ಧರ್ಮವಲ್ಲ; ಬೇರೆ ಬೆಳೆಯತ್ತ ತಿರುಗಲು ಅವರಿಗೆ ನೆರವಾಗುವುದೇ ಧರ್ಮ.

ಹಿತ್ತಿಲ ಗಿಡಕ್ಕೆ ಆ ಕಾರಣವೂ ಇಲ್ಲ. ಹೂವರಳುವ ಮೊದಲೇ ಅದರ ಕುಡಿ ಚಿವುಟುವರು. ಬೀಜಕ್ಕೆ ಹೋಗಬೇಕಾದ ಸತ್ತ್ವವು ಎಲೆಗೆ ಸೇರಿ ನಿಕೋಟಿನ್ ಹೆಚ್ಚುವುದು. ಆ ಎಲೆಯ ಕಷಾಯ ಕೀಟಗಳನ್ನೇ ಕೊಲ್ಲಬಲ್ಲದು. ತಿಳಿದೂ ವಿಷವನ್ನು ಬಲಿಸುವ ಬೆರಳು ಅಜ್ಞಾನದ ನೆವ ಹೇಳಲಾರದು. ಹದವಾದ ಎಲೆಯನ್ನು ನೆರೆಯವನಿಗೆ ಕೊಟ್ಟರೆ ಅದು ದಾನವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವೆಂದು ಎಣಿಸಿದ ಹಿಂಸಾದಾನದ ನೆರಳು ಅದರ ಮೇಲಿದೆ.

ಕೃತ, ಕಾರಿತ, ಅನುಮೋದನೆ ಮೂರರಿಂದಲೂ ಕರ್ಮಾಸ್ರವ ಉಂಟು. ತಾನು ಸೇದದಿದ್ದರೂ ಬೆಳೆದುಕೊಟ್ಟವನು ಹೊರಗುಳಿಯಲಾರನು. ಮಹಾತ್ಯಾಗಕ್ಕೆ ಶಕ್ತಿಯಿಲ್ಲದ ಗೃಹಸ್ಥನೂ ಆ ಮಡಿಯಲ್ಲಿ ಹೀರೆ, ಅವರೆ ಬೆಳೆಯಬಲ್ಲನು. ಉತ್ತಮ ತ್ಯಾಗದ ಮೊದಲ ಮೆಟ್ಟಿಲು ಮನೆಯ ಹಿತ್ತಿಲಲ್ಲೇ ಇದೆ.