ಗುರು ಕೇಳದ ಪ್ರಶ್ನೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಮನೆಗಳಲ್ಲಿ ಸೊಸೆಯ ಚೊಚ್ಚಲ ಬಸುರು ಕಣ್ಣಿಗೆ ಕಾಣತೊಡಗಿದರೆ ಕುಬುಸದ ಸಿದ್ಧತೆ ನಡೆಯುತ್ತದೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಹರಸುತ್ತಾರೆ. ಆ ಹಾರೈಕೆಯಲ್ಲಿ ‘ಗಂಡು ಹಡೆಯವ್ವಾ’ ಎಂಬ ಮಾತೂ ಮೆಲ್ಲನೆ ಸೇರಿಕೊಳ್ಳುತ್ತದೆ. ಆಡಿದವರು ಮರೆತಾರು; ಕೇಳಿದವಳು ಹೆರಿಗೆಯವರೆಗೂ ಕೂಸಿನೊಡನೆ ಆ ಭಾರವನ್ನೂ ಹೊರಬೇಕು.

ಶರಣಬಂಧುಗಳೇ, ನಮ್ಮ ಆಚಾರವೇನು? ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆಯಾಗುತ್ತದೆ. ಒಳಗಿರುವುದು ಹೆಣ್ಣೋ ಗಂಡೋ ಎಂದು ಗುರುವು ಕೇಳುವುದಿಲ್ಲ. ಕಾಣದ ಕೂಸನ್ನು ಆತನು ಶರಣಸಂಕುಲಕ್ಕೆ ಸೇರಿಸಿಕೊಂಡ ಮೇಲೆ, ಮನೆಯವರು ಒಪ್ಪಲು ಹೆರಿಗೆಯವರೆಗೆ ಕಾಯುವುದೆಂತು? ಆತ್ಮಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲವೆಂದು ಜೇಡರ ದಾಸಿಮಯ್ಯನು ಸಾರಿ ಶತಮಾನಗಳೇ ಸಂದವು. ಹುಟ್ಟುವುದು ಹೆಣ್ಣೋ ಗಂಡೋ ಎಂಬುದು ತಂದೆಯ ಬೀಜದಿಂದ ನಿಶ್ಚಯವಾಗುತ್ತದೆಂದು ವಿಜ್ಞಾನವೂ ತಿಳಿಸಿದೆ. ಆದರೂ ದೂರು ಬರುವುದು ಸೊಸೆಯ ಮೇಲೆ.

ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಪತ್ತೆಮಾಡುವುದನ್ನು 1994ರ ಕಾಯ್ದೆಯು ನಿಷೇಧಿಸಿದೆ. ಕಾಯ್ದೆಯು ವೈದ್ಯನ ಬಾಯಿಯನ್ನು ಕಟ್ಟೀತು. ನೆರೆಹೊರೆಯ ಬಾಯಿಯನ್ನು ಕಟ್ಟಲಾರದು. ಅದು ನಮ್ಮ ನಮ್ಮ ಅಂತರಂಗಶುದ್ಧಿಯ ಕೆಲಸ. ಮುಂದಿನ ಕುಬುಸದಲ್ಲಿ ಉಡಿ ತುಂಬುವಾಗ ‘ತಾಯಿ, ಕೂಸು ಸುಖವಾಗಿರಲಿ’ ಎಂದಷ್ಟೇ ಹರಸೋಣ. ಗುರುವು ಕೇಳದ ಪ್ರಶ್ನೆಯನ್ನು ಭಕ್ತರು ಕೇಳದಿರುವುದೇ ಲೇಸು.