ಐದನೇ ಕಾಲು

ಮಗು ಬರೆದ ಚಿತ್ರವನ್ನು ದೊಡ್ಡವರು ಗುಟ್ಟಾಗಿ ತಿದ್ದಿ, ಫ್ರೇಮ್ ಹಾಕಿಸಿ, ಹಾಲಿನ ಗೋಡೆಗೆ ನೇತುಹಾಕಿ, "ನಮ್ ಪುಟ್ಟಿ ಮಾಡಿದ್ದು" ಅಂತ ಬಂದವರಿಗೆಲ್ಲ ತೋರಿಸಿದರೆ ಅದು ಸುಳ್ಳಾ? ಇಷ್ಟು ಚಿಕ್ಕ ವಿಷಯಕ್ಕೆ ಸರಿ ತಪ್ಪು ಅಂತೆಲ್ಲ ಯಾಕೆ ತಲೆ ಕೆಡಿಸ್ಕೋಬೇಕು ಅಂತ ನೀವು ಕೇಳಬಹುದು. ನನ್ನ ತಲೆಯಲ್ಲಿ ಈ ಪ್ರಶ್ನೆ ಕೂತಿದ್ದು ಮಳವಳ್ಳಿಯ ಅಕ್ಕನ ಮನೆಯಲ್ಲಿರುವ ಒಂದು ಹಸುವಿನಿಂದ.

ಸಂಕ್ರಾಂತಿಗೆ ನಮ್ಮ ಕಡೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಾರೆ. ಅದನ್ನು ನೋಡಿ ಬಂದ ಅಕ್ಕನ ಐದು ವರ್ಷದ ಮಗಳು ಕ್ಯಾನ್ವಾಸ್ ಮೇಲೆ ಒಂದು ಹಸು ಬರೆದಳು. ಕೊಂಬು ನೀಲಿ, ಮೈ ಕಿತ್ತಳೆ, ಕಾಲು ಐದು. ಮಗು ಮಲಗಿದ ಮೇಲೆ ಅಕ್ಕ ಐದನೇ ಕಾಲಿನ ಮೇಲೆ ಬಿಳಿ ಬಣ್ಣ ಹಚ್ಚಿ, ಹೊಟ್ಟೆಯ ಗೆರೆ ನೆಟ್ಟಗೆ ಮಾಡಿದಳು. ಮಾರನೇ ದಿನ ಬಂದ ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. ಮಗು ಮಾತ್ರ ಗೋಡೆ ನೋಡ್ತಾ, "ನನ್ ಹಸು ಓಡ್ತಿತ್ತು. ಇದು ನಿಂತ್ಕೊಂಡಿದೆ" ಅಂದಳು.

ಓಡುವ ಹಸುವಿಗೆ ನಾಲ್ಕು ಕಾಲು ಸಾಲದು ಅಂತ ಅವಳು ಐದು ಹಾಕಿದ್ದಳು. ಕೇಳಿದ್ದರೆ ಹೇಳುತ್ತಿದ್ದಳು. ಯಾರೂ ಕೇಳಲಿಲ್ಲ. ಆಮೇಲೆ ಬ್ರಷ್ ಕೊಟ್ಟಾಗಲೆಲ್ಲ "ನೀನೇ ಬರಿ ಅಮ್ಮ, ನಂಗೆ ಸರಿಯಾಗಿ ಬರಲ್ಲ" ಅನ್ನೋಕೆ ಶುರು ಮಾಡಿದಳು.

ಅಕ್ಕ ಮಾಡಿದ್ದರಲ್ಲಿ ಪ್ರೀತಿಯೇ ಇತ್ತು. ಮಗಳನ್ನು ಯಾರೂ ಆಡಿಕೊಳ್ಳಬಾರದು ಅಂತಷ್ಟೇ ಅವಳಿಗೆ. ಆದರೆ ನೆಂಟರ ಹೊಗಳಿಕೆ ಸಿಕ್ಕಿದ್ದು ಅಳಿಸಿದ ಕೈಗೆ. ಬರೆದ ಕೈಗೆ ಅದು ಗೊತ್ತಾಯಿತು. ಹೊಗಳಿಸಿಕೊಂಡ ಮಗುವಿಗೇ 'ನಿಂದು ಸಾಲದು' ಅನ್ನುವ ಸುದ್ದಿಯೂ ಮುಟ್ಟಿತು.

1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಅಮೆರಿಕದ ಒಂದು ನರ್ಸರಿಯಲ್ಲಿ ನಡೆಸಿದ ಪ್ರಯೋಗ ಈಗಲೂ ಮಾತಿಗೆ ಬರುತ್ತೆ. ಚಿತ್ರ ಬರೆದರೆ ಬಹುಮಾನ ಕೊಡ್ತೀವಿ ಅಂತ ಮೊದಲೇ ಹೇಳಿ ಬರೆಸಿದ ಮಕ್ಕಳು, ಕೆಲವು ದಿನಗಳ ನಂತರ ಅದೇ ಬಣ್ಣದ ಪೆನ್ನುಗಳನ್ನು ಎದುರಿಗಿಟ್ಟರೂ ಉಳಿದ ಮಕ್ಕಳಿಗಿಂತ ಕಡಿಮೆ ಹೊತ್ತು ಬರೆದರು. ಬರೆಯುವ ಖುಷಿಯ ಜಾಗಕ್ಕೆ ನೋಡುವವರ ಮೆಚ್ಚುಗೆ ಬಂದು ಕೂತರೆ, ಮೆಚ್ಚುಗೆ ಇಲ್ಲದ ದಿನ ಬ್ರಷ್ ಮುಟ್ಟೋಕೆ ಕಾರಣವೇ ಇರಲ್ಲ.

ಹಾಗಾದರೆ ಮಕ್ಕಳಿಗೆ ಏನೂ ಹೇಳಿಕೊಡಬಾರದಾ? ಹೇಳಿಕೊಡಬೇಕು. ಚುಕ್ಕಿ ರಂಗೋಲಿ ನೆನಪು ಮಾಡಿಕೊಳ್ಳಿ. ಚುಕ್ಕಿ ಇಡೋದು ಅಜ್ಜಿ, ಗೆರೆ ಎಳೆಯೋದು ಮೊಮ್ಮಗಳು. ಈಗ ಮನೆಮನೆಯಲ್ಲೂ ಮಾಡುವ ಮಾಸ್ಕಿಂಗ್ ಟೇಪ್ ಚಿತ್ರವೂ ಅದೇ ಜಾತಿಯದ್ದು. ಟೇಪ್ ಅಂಟಿಸಿ ಮಗುವಿನ ಹೆಸರಿನ ಅಕ್ಷರ ಮಾಡೋದು ನಾವು. ಅದರ ಮೇಲೆ ಮಗು ಹೇಗೆ ಬೇಕಾದರೂ ಬಣ್ಣ ಮೆತ್ತಲಿ, ಟೇಪ್ ಕಿತ್ತಾಗ ಅಕ್ಷರ ನೀಟಾಗಿ ಎದ್ದು ಬರುತ್ತೆ. ಎರಡರಲ್ಲೂ ದೊಡ್ಡವರ ಕೈ ಇದೆ. ಆದರೆ ಅದು ಮೊದಲೇ ಬಂದಿದೆ, ಮಗುವಿನ ಕಣ್ಣೆದುರೇ ಬಂದಿದೆ. ಮಗು ಮುಗಿಸಿದ ಮೇಲೆ, ಅದು ನಿದ್ದೆಯಲ್ಲಿರುವಾಗ ಬರುವ ಕೈಯ ಲೆಕ್ಕವೇ ಬೇರೆ.

ಹಾಗಂತ ಮುಗಿದ ಚಿತ್ರವನ್ನು ಬೇರೆಯವರು ಮುಟ್ಟಲೇಬಾರದು ಅಂತಲೂ ಅಲ್ಲ. ಅದಕ್ಕೆ ನಮ್ಮ ಮಂಡ್ಯ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮದ ಗೋಡೆ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಹೈದರ್ ಮತ್ತು ಟಿಪ್ಪು ಗೆದ್ದ, ಬ್ರಿಟಿಷರು ಸೋತ ಯುದ್ಧ ಅದು. ಚಿತ್ರ ಹಾಳಾಗಿತ್ತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಅಲ್ಲಿ ವಾಸವಿದ್ದ ವೆಲ್ಲೆಸ್ಲಿ ಅದನ್ನು ದುರಸ್ತಿ ಮಾಡಿಸಿದ. 1855ರಲ್ಲಿ ಡಾಲ್‌ಹೌಸಿ ಮತ್ತೆ ಬರೆಸಿದ. ಗೆದ್ದು ಅಧಿಕಾರ ಹಿಡಿದವರು ತಮ್ಮದೇ ಸೋಲಿನ ಚಿತ್ರಕ್ಕೆ ಬಣ್ಣ ಹಾಕಿಸಿದರು, ಸೋಲನ್ನು ಗೆಲುವು ಮಾಡಿಸಲಿಲ್ಲ. ಯಾರು ಯಾವಾಗ ಬರೆಸಿದರು ಅನ್ನೋದೂ ಗುಟ್ಟಾಗಿ ಉಳಿದಿಲ್ಲ. ಒಂದು ಸಾಮ್ರಾಜ್ಯ ತನ್ನ ಸೋಲನ್ನು ಗೋಡೆ ಮೇಲೆ ಉಳಿಸಿಕೊಂಡಿತು. ನಮಗೆ ಹಸುವಿನ ಐದನೇ ಕಾಲು ಯಾಕೆ ಸಹಿಸಲ್ಲ?

ಒಂದು ಕಾರಣ ನಮ್ಮ ಗೋಡೆಗಳೇ ಇರಬಹುದು. ಮದ್ದೂರಿನ ಹತ್ತಿರ ನಮ್ಮ ಹಳೇ ಮನೆಯಲ್ಲಿ ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟಿ ಬಳೀತಿದ್ದರು. ವರ್ಷವೆಲ್ಲ ಮಕ್ಕಳು ಇದ್ದಿಲಲ್ಲಿ ಗೀಚಿದ್ದು ಆಗ ಮುಚ್ಚಿಹೋಗ್ತಿತ್ತು, ಮತ್ತೆ ಗೀಚೋಕೆ ಜಾಗ ಆಗ್ತಿತ್ತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಆ ಭಾಗ್ಯ ಇಲ್ಲ. ಖಾಲಿ ಮಾಡುವಾಗ ಪೇಂಟಿಂಗ್ ಖರ್ಚು ಅಂತ ಅಡ್ವಾನ್ಸಲ್ಲಿ ದುಡ್ಡು ಮುರ್ಕೋತಾರೆ. ಅದಕ್ಕೇ ಗೋಡೆ ಬಿಟ್ಟು ಕ್ಯಾನ್ವಾಸಿಗೆ ಬಂದೆವು. ಕ್ಯಾನ್ವಾಸ್ ಬಂದ ಮೇಲೆ ಅದು ಸೋಫಾ ಬಣ್ಣಕ್ಕೆ ಹೊಂದಬೇಕು, ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಅನ್ನೋ ಆಸೆಯೂ ಬಂತು. ತಪ್ಪೇನಿಲ್ಲ. ಮನೆ ಚೆನ್ನಾಗಿ ಕಾಣಲಿ ಅನ್ನೋ ಹಕ್ಕು ಬಾಡಿಗೆ ಕಟ್ಟುವವರಿಗೂ ಇದೆ. ಆದರೆ ಅಲಂಕಾರವೇ ಬೇಕಿದ್ದರೆ ಅಂಗಡಿಯಿಂದ ತಂದು ಹಾಕಬಹುದು. ಮಗುವಿನ ಕೈಗೆ ಬಣ್ಣ ಕೊಟ್ಟ ಮೇಲೆ, ಅದು ಹೇಗೆ ಬರಬೇಕು ಅನ್ನೋ ನಿರ್ಧಾರವನ್ನೂ ಒಂದಿಷ್ಟು ಕೊಟ್ಟುಬಿಟ್ಟಿರ್ತೀವಿ. ಹಸುವಿನ ಕಥೆ ಕೇಳಿದ ನಮ್ಮವ್ವ ಅಕ್ಕನಿಗೆ ಹೇಳಿದ್ದೂ ಇದನ್ನೇ: "ಐಕ್ಳು ಕೈಗೆ ಕೊಟ್ಬುಟ್ಟು ಆಮೇಕೆ ಕಿತ್ಕಂಡ್ರೆ ಅದು ಕೊಟ್ಟಂಗಾ?"

ಹಾಗಾಗಿ ನಾನು ಬಂದು ನಿಂತಿರೋದು ಇಲ್ಲಿಗೆ. ಸಹಾಯ ಮಾಡೋದಿದ್ದರೆ ಬಣ್ಣ ಬೀಳುವ ಮುಂಚೆ ಮಾಡಿ. ಮುಗಿದ ಮೇಲೆ ಕೈ ಹಾಕಬೇಕು ಅನ್ನಿಸಿದರೆ ಮಗುವನ್ನು ಕೇಳಿ. ಅದು ಬೇಡ ಅಂದರೆ ಬಿಟ್ಟುಬಿಡಿ. ಹೂಂ ಅಂದರೆ, ಚಿತ್ರದ ಮೂಲೆಯಲ್ಲಿ ಮಗುವಿನ ಹೆಸರಿನ ಪಕ್ಕ ನಿಮ್ಮ ಹೆಸರೂ ಬರೀರಿ. ಬಂದ ನೆಂಟರು "ಇದೇನಿದು?" ಅಂತ ಕೇಳಿದರೆ ನೀವು ಉತ್ತರ ಕೊಡೋಕೆ ಹೋಗಬೇಡಿ. ಬರೆದವರು ಅಲ್ಲೇ ಎಲ್ಲೋ ಆಡ್ಕೊಂಡಿರ್ತಾರೆ, ಕರೀರಿ.