ಚೊಚ್ಚಲ ಹೆರಿಗೆಯ ಖರ್ಚು ಯಾರ ಹೊಣೆ?

ಮಗಳ ಮದುವೆಯ ಸಾಲ ಇನ್ನೂ ತೀರಿರುವುದಿಲ್ಲ. ಅಷ್ಟರಲ್ಲಿ ಅವಳು ಗರ್ಭಿಣಿಯೆಂಬ ಸಿಹಿ ಸುದ್ದಿ ಬರುತ್ತದೆ. ತಂದೆ ಅಲ್‌ಹಮ್ದುಲಿಲ್ಲಾಹ್ ಎನ್ನುತ್ತಾನೆ. ಆದರೆ ಆ ರಾತ್ರಿ ಅವನಿಗೆ ನಿದ್ದೆ ಹತ್ತುವುದಿಲ್ಲ. ಏಳನೆಯ ತಿಂಗಳಲ್ಲಿ ಮಗಳನ್ನು ಕರೆತರಬೇಕು, ಆಸ್ಪತ್ರೆಯ ಬಿಲ್ಲು ಕಟ್ಟಬೇಕು, ನಲ್ವತ್ತು ದಿನದ ಬಾಣಂತನ ನೋಡಬೇಕು, ತೊಟ್ಟಿಲು ಆಗಬೇಕು, ಬೀಗರಿಗೆ ಊಟ ಹಾಕಬೇಕು. ಕೊನೆಗೆ ಮಗುವಿನ ಮೈಮೇಲೆ ಚಿನ್ನವಿಲ್ಲದೆ ತಾಯಿ-ಮಗುವನ್ನು ಕಳುಹಿಸುವಂತಿಲ್ಲ. ಚೊಚ್ಚಲ ಹೆರಿಗೆ ತವರಿನದ್ದು ಎಂಬ ರೂಢಿ ನಮ್ಮಲ್ಲಿ ಮಾತ್ರವಲ್ಲ, ಈ ನಾಡಿನ ಇತರ ಸಮುದಾಯಗಳಲ್ಲೂ ಇದೆ.

ಓದುಗ ಬಂಧುಗಳೇ, ಒಂದು ಕ್ಷಣ ಯೋಚಿಸಿ. ಹುಟ್ಟಲಿರುವ ಮಗು ಯಾರದು? ಅದರ ಹೆಸರಿನ ಮುಂದೆ ಯಾರ ಹೆಸರು ಬರುತ್ತದೆ? ಹಾಗಿರುವಾಗ ಅದು ಜಗತ್ತಿಗೆ ಬರುವ ಖರ್ಚು ಮಾತ್ರ ಅಜ್ಜನ ಹೆಗಲಿಗೇರಿದ್ದು ಹೇಗೆ?

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ಮೌನವಾಗಿಲ್ಲ. ಅಲ್-ಬಕರಃ ಅಧ್ಯಾಯದ 233ನೆಯ ಸೂಕ್ತವು ಮೊಲೆಯೂಡುವ ತಾಯಿಯ ಅನ್ನ-ಬಟ್ಟೆಯ ಹೊಣೆಯನ್ನು ಮಗುವಿನ ತಂದೆಯ ಮೇಲೆ ಹೊರಿಸುತ್ತದೆ. ಅತ್ತಲಾಕ್ ಅಧ್ಯಾಯದ 6ನೆಯ ಸೂಕ್ತವು ಇನ್ನೂ ಮುಂದೆ ಹೋಗುತ್ತದೆ. ತಲಾಕ್ ಆದ ಸ್ತ್ರೀ ಗರ್ಭಿಣಿಯಾಗಿದ್ದರೆ ಹೆರಿಗೆಯಾಗುವ ತನಕ ಅವಳ ಖರ್ಚನ್ನು ಕೊಡಬೇಕು, ಆ ಬಳಿಕ ಅವಳು ಮಗುವಿಗೆ ಹಾಲೂಡಿದರೆ ಅದರ ಪ್ರತಿಫಲವನ್ನೂ ಕೊಡಬೇಕು ಎಂದು ಅದು ಆಜ್ಞಾಪಿಸುತ್ತದೆ. ಸಂಬಂಧವೇ ಮುರಿದುಬಿದ್ದ ಮೇಲೂ ಇಷ್ಟು ಹೊಣೆ ಇದ್ದರೆ, ಮನೆಯ ಬೆಳಕಾಗಿ ಬಾಳುತ್ತಿರುವ ಹೆಂಡತಿಯ ವಿಷಯದಲ್ಲಿ ಎಷ್ಟಿರಬೇಡ? ತಲಾಕ್ ಆದವಳಿಗೆ ಸಿಗುವ ಹಕ್ಕು ನಮ್ಮಲ್ಲಿ ಬಾಳುವ ಹೆಂಡತಿಗೆ ಸಿಗದಂತಾಗಿದೆ!

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ವೈದ್ಯರ ಶುಲ್ಕ, ಔಷಧದ ಬೆಲೆ ಗಂಡನ ಮೇಲೆ ಕಡ್ಡಾಯವಲ್ಲವೆಂದು ಹಳೆಯ ಫಿಕ್ಹ್ ಗ್ರಂಥಗಳಲ್ಲಿದೆಯಲ್ಲ ಎಂದು ಓದಿಕೊಂಡವರು ಕೇಳುತ್ತಾರೆ. ಇದೆ, ನಿಜ. ಆದರೆ ಆ ಮಾತು ಯಾವ ಕಾಲದ್ದು? ಅಂದು ಹೆರಿಗೆ ಮನೆಯಲ್ಲಿ ಆಗುತ್ತಿತ್ತು. ವೈದ್ಯನ ಬಳಿಗೆ ಹೋಗುವುದು ದಿನನಿತ್ಯದ ಅಗತ್ಯಗಳಲ್ಲಿ ಸೇರಿರಲಿಲ್ಲ. ನಮ್ಮ ಕಾಲದ ದೊಡ್ಡ ವಿದ್ವಾಂಸರಲ್ಲೊಬ್ಬರಾದ, 2015ರಲ್ಲಿ ನಿಧನರಾದ ದಮಸ್ಕಸ್‌ನ ವಹ್ಬಾ ಝುಹೈಲಿಯವರು ಇದನ್ನೇ ಎತ್ತಿ ತೋರಿಸಿ, ಇಂದು ಚಿಕಿತ್ಸೆಯು ಅನ್ನ-ನೀರಿನಷ್ಟೇ ಅಗತ್ಯವಾಗಿರುವುದರಿಂದ ಅದರ ಖರ್ಚು ಗಂಡನ ಮೇಲಿದೆ ಎಂದಿದ್ದಾರೆ. ಹೆಂಡತಿಗೆ ಹಣ್ಣು-ಹಂಪಲು ತಂದುಕೊಟ್ಟು, ರಕ್ತ ಬೇಕಾದ ಹೊತ್ತಿಗೆ ಹಳೆಯ ಗ್ರಂಥವನ್ನು ಬಿಡಿಸುವವನು ಗ್ರಂಥಕ್ಕೂ ಹೆಂಡತಿಗೂ ನ್ಯಾಯ ಮಾಡಿದಂತಾಗುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹಸನ್ ಮತ್ತು ಹುಸೈನ್(ರ)ರ ಅಕೀಕಾವನ್ನು ಪ್ರವಾದಿವರ್ಯರೇ(ಸ) ಮಾಡಿದರು, ಒಂದೊಂದು ಟಗರನ್ನು ಕೊಟ್ಟರು ಎಂಬ ವರದಿ ಅಬೂದಾವೂದ್‌ನಲ್ಲಿದೆ. ಪ್ರವಾದಿವರ್ಯರು(ಸ) ಆ ಮಕ್ಕಳ ತಾಯಿಯ ತಂದೆ. ಹಾಗಾದರೆ ಅಜ್ಜ ಖರ್ಚು ಮಾಡುವುದು ಸುನ್ನತ್ ಆಯಿತಲ್ಲ? ಹೌದು, ಅಜ್ಜ ಪ್ರೀತಿಯಿಂದ ಕೊಡುವುದು ಖಂಡಿತ ಪುಣ್ಯದ ಕೆಲಸ. ಆದರೆ ಅಲೀ(ರ)ಯವರ ಮನೆಯಿಂದ ಯಾರೂ ಪಟ್ಟಿ ಕಳುಹಿಸಿರಲಿಲ್ಲ. ಟಗರು ಬಾರದಿದ್ದರೆ ಫಾತಿಮಾ(ರ)ರಿಗೆ ಚುಚ್ಚುಮಾತು ಕೇಳಬೇಕಾಗಿರಲಿಲ್ಲ. ಕೊಡುಗೆಗೂ ತೆರಿಗೆಗೂ ಇರುವ ವ್ಯತ್ಯಾಸ ಇದೇ. ಕೊಡದೆ ಇರುವ ಸ್ವಾತಂತ್ರ್ಯ ಇದ್ದಾಗ ಮಾತ್ರ ಅದು ಕೊಡುಗೆ. ಒಬ್ಬನ ಸಂಪತ್ತು ಅವನ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಇನ್ನೊಬ್ಬನಿಗೆ ಧರ್ಮಸಮ್ಮತವಾಗದು ಎಂಬುದು ಪ್ರವಾದಿವರ್ಯರ(ಸ) ಬೋಧನೆ. 'ನಾವೇನೂ ಕೇಳಿಲ್ಲ, ಅವರಾಗಿಯೇ ಕೊಟ್ಟರು' ಎನ್ನುವ ಬೀಗರು, ಏನೂ ಕೊಡದಿದ್ದರೆ ಮಗಳ ಪಾಡು ಏನಾಗುತ್ತಿತ್ತೆಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ.

ಮಗಳು ತವರಿಗೆ ಬರುವುದನ್ನು ನಾನು ಬೇಡವೆನ್ನುತ್ತಿಲ್ಲ. ಮೊದಲ ಹೆರಿಗೆಯ ಭಯದಲ್ಲಿ ತಾಯಿಯ ಕೈಯಷ್ಟು ನೆಮ್ಮದಿ ಬೇರೆ ಎಲ್ಲಿದೆ? ಆರೈಕೆ ತವರಿನದ್ದಾಗಲಿ, ಹಣ ಗಂಡನದ್ದಾಗಲಿ. ಎರಡಕ್ಕೂ ಗಂಟು ಹಾಕಿದ್ದೇ ನಮ್ಮ ತಪ್ಪು.

ಈಗ ಗಂಡನ ಕಡೆಗೆ ಬರೋಣ. ಅವನೂ ಆಟೋ ಓಡಿಸುವವನು, ಅಂಗಡಿಯಲ್ಲಿ ಸಂಬಳಕ್ಕಿರುವವನು. ಅವನೆಲ್ಲಿಂದ ತರಬೇಕು? ಅನುಕೂಲವುಳ್ಳವನು ಅನುಕೂಲಕ್ಕೆ ತಕ್ಕಂತೆ, ಇಕ್ಕಟ್ಟಿನಲ್ಲಿರುವವನು ಅಲ್ಲಾಹನು ಕೊಟ್ಟಷ್ಟರಿಂದ ಖರ್ಚು ಮಾಡಲಿ ಎಂಬುದು ಅತ್ತಲಾಕ್ ಅಧ್ಯಾಯದ 7ನೆಯ ಸೂಕ್ತದ ಆಶಯ. ಇಲ್ಲದ ಹಣವನ್ನು ಯಾರೂ ಅವನಿಂದ ಕೇಳುತ್ತಿಲ್ಲ. ಆದರೆ ಹೆರಿಗೆ ಹಠಾತ್ತನೆ ಬರುವ ಅತಿಥಿಯಲ್ಲ. ಏಳೆಂಟು ತಿಂಗಳು ಮೊದಲೇ ತಿಳಿಸಿ ಬರುತ್ತದೆ. ಆ ತಿಂಗಳುಗಳಲ್ಲಿ ಇಷ್ಟಿಷ್ಟೆಂದು ತೆಗೆದಿಡದವನು ಕೊನೆಗೆ ಹೆಂಡತಿಯ ಬಳೆಯನ್ನು ಬಡ್ಡಿಗೆ ಅಡವಿಡುತ್ತಾನೆ. ಆ ಬಳೆ ಅವಳ ಸ್ವತ್ತು, ಬಡ್ಡಿ ನಿಷಿದ್ಧ. ಅವಳ ಚಿನ್ನವನ್ನು ಬಳಸಲೇಬೇಕಾದರೆ ಅವಳನ್ನು ಕೇಳಿ ಪಡೆಯಬೇಕು, ಸಾಲವೆಂದು ಬರೆದಿಡಬೇಕು, ಹಿಂದಿರುಗಿಸಬೇಕು.

ಖರ್ಚಿನ ಬಹುಪಾಲನ್ನು ತಪ್ಪಿಸುವ ದಾರಿಯೂ ಇದೆ. ಆದರೆ ಅದನ್ನು ಹಿಡಿಯಲು ನಮಗೆ ನಾಚಿಕೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆ ಮಾತ್ರವಲ್ಲ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ, ವಾಹನ ಎಲ್ಲವೂ ಉಚಿತ. ಕಾಯಿಲೆ ಬಿದ್ದ ಹಸುಗೂಸಿನ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಮಂಗಳೂರಿನ ಲೇಡಿಗೋಷನ್, ಬೆಂಗಳೂರಿನ ವಾಣಿವಿಲಾಸ ತಲೆಮಾರುಗಳಿಂದ ಹೆರಿಗೆ ನೋಡುತ್ತಾ ಬಂದ ಆಸ್ಪತ್ರೆಗಳು. 2017ರ ಮಾತೃವಂದನಾ ಯೋಜನೆಯಲ್ಲಿ ಅರ್ಹ ತಾಯಿಗೆ ಮೊದಲ ಮಗುವಿನ ವೇಳೆ 5000 ರೂಪಾಯಿ ಸಿಗುತ್ತದೆ. ಆರಂಭದಲ್ಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳಬೇಕು, ಅಷ್ಟೆ. ತೊಡಕಿನ ಗರ್ಭವಾಗಿದ್ದು ವೈದ್ಯರು ಬೇರೆ ಕಡೆಗೆ ಹೋಗಿ ಎಂದರೆ ಹೋಗಲೇಬೇಕು. ಅಲ್ಲಿ ಜಿಪುಣತನ ಸಲ್ಲದು. ಆದರೆ 'ಜನ ಏನೆಂದಾರು' ಎಂಬ ಒಂದೇ ಕಾರಣಕ್ಕೆ ಮಾವನ ಜೇಬಿನಿಂದ ಖಾಸಗಿ ಆಸ್ಪತ್ರೆಯ ದೊಡ್ಡ ಕೋಣೆ ಹಿಡಿಯುವುದು ಯಾವ ಘನತೆ?

ಸರಕಾರದ ನೆರವು ಭಿಕ್ಷೆಯೆಂದು ಭಾವಿಸುವವರಿಗೆ ಹಝ್ರತ್ ಉಮರ್(ರ)ರ ಕಾಲದ ಒಂದು ಘಟನೆಯನ್ನು ನೆನಪಿಸಬೇಕು. ಇಬ್ನು ಸಅದ್ ಇದನ್ನು ದಾಖಲಿಸಿದ್ದಾರೆ. ಮದೀನಾಕ್ಕೆ ಬಂದಿಳಿದ ವರ್ತಕರ ತಂಡವೊಂದನ್ನು ಖಲೀಫರು ರಾತ್ರಿ ಕಾವಲು ಕಾಯುತ್ತಿದ್ದರು. ಒಂದು ಮಗು ಅಳುತ್ತಲೇ ಇತ್ತು. ಹಲವು ಸಲ ಹೋಗಿ ಸಮಾಧಾನಪಡಿಸಲು ಹೇಳಿದ ಮೇಲೆ ಬೇಸತ್ತ ತಾಯಿ, ತಾನು ಅದಕ್ಕೆ ಹಾಲು ಬಿಡಿಸುತ್ತಿರುವೆನೆಂದೂ ಹಾಲು ಬಿಟ್ಟ ಮಗುವಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆಂದೂ ಹೇಳಿದಳು. ಎದುರಿಗಿರುವವರು ಯಾರೆಂದು ಅವಳಿಗೆ ತಿಳಿದಿರಲಿಲ್ಲ. ಅಂದು ಫಜ್ರ್ ನಮಾಝಿನಲ್ಲಿ ಉಮರ್(ರ) ಅತ್ತ ಪರಿಗೆ ಅವರ ಪಠಣವೇ ಜನರಿಗೆ ಕೇಳಿಸಲಿಲ್ಲ. ಬಳಿಕ, ಹುಟ್ಟಿದ ಪ್ರತಿ ಮಗುವಿಗೂ ಬೈತುಲ್ ಮಾಲ್‌ನಿಂದ ಭತ್ಯೆ ಎಂದು ಸಾರಿಸಿದರು. ಬೊಕ್ಕಸದಲ್ಲಿ ಹಸುಳೆಗೂ ಪಾಲಿದೆಯೆಂಬುದು ಅಂದೇ ತೀರ್ಮಾನವಾದ ಮಾತು.

ತೊಟ್ಟಿಲು, ಚಿನ್ನ, ಹಾಲ್ ಹಿಡಿದು ಹಾಕುವ ಊಟದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಅವಿಲ್ಲದಿದ್ದರೆ ಮಗುವಿನ ತೂಕವೇನೂ ಇಳಿಯದು.

ಹೊಸದಾಗಿ ತಂದೆಯಾಗಲಿರುವ ಸಹೋದರರೇ, ಈ ಮಾತನ್ನು ಮಾವ ಎತ್ತಲಾರರು. ಹೆಂಡತಿಗೂ ಕಷ್ಟ. ಮೊದಲು ಬಾಯಿ ತೆರೆಯಬೇಕಾದವರು ನೀವೇ. ಅವಳು ತವರಿಗೆ ಹೊರಡುವ ಮುನ್ನವೇ ಆಸ್ಪತ್ರೆಯ ಖರ್ಚು ನಿಮ್ಮದೆಂದು ಮಾವನಿಗೆ ತಿಳಿಸಿ. ಕೂಡಿಟ್ಟ ಹಣವನ್ನು ಅವಳ ಕೈಯಲ್ಲೇ ಕೊಟ್ಟು ಕಳುಹಿಸಿ. ನೋವು ನಡುರಾತ್ರಿ ಶುರುವಾಗಬಹುದು, ಆಗ ನೀವು ದುಬೈಯಲ್ಲಿರಬಹುದು.